ಮಗುವಿಗಾಗಿ ಕಾಯುವವರ ಆರು ದಿನದ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಇಲ್ಲ ಅಂದ್ರೆ ಹಾಕ್ಕೊಳ್ರಿ. ಇವತ್ತಿನ ಮಾತಲ್ಲಿ ನಾಚಿಕೆಪಡೋದು ಏನೂ ಇಲ್ಲ, ಆದ್ರೆ ಪಡಸಾಲೆಯಲ್ಲಿ ಅತ್ತೆ-ಮಾವ ಕೂತಿರುವಾಗ ಸ್ಪೀಕರ್ ಹಾಕಿ ಕೇಳೋದು ಸ್ವಲ್ಪ ಕಷ್ಟ.

ರಾಯಚೂರಿನಿಂದ ಮಂತ್ರಾಲಯ ರಸ್ತೆ ಹಿಡಿದರೆ ಯರಗೇರಾ ಬರುತ್ತೆ. ಅಲ್ಲಿಯ ಒಂದು ಮನೆ ಊಹಿಸಿಕೊಳ್ರಿ. ಯರಗೇರಾನೇ ಆಗಬೇಕಂತಿಲ್ಲ, ದೇವದುರ್ಗದ್ದೋ ಮಾನ್ವಿಯದ್ದೋ ಆಗಲಿ. ಮದುವೆಯಾಗಿ ಒಂದೂವರೆ ವರ್ಷ. ಹುಡುಗಿಗೆ 23, ಹುಡುಗನಿಗೆ 27. ಅವನು ಬೆಂಗಳೂರಲ್ಲಿ ಕಟ್ಟಡ ಕೆಲಸಕ್ಕೆ ಹೋಗ್ತಾನೆ. ಉಗಾದಿಗೆ, ಮೊಹರಂಗೆ, ದೀಪಾವಳಿಗೆ ಬರ್ತಾನೆ, ನಡುವೆ ಯಾರದ್ದಾದ್ರೂ ಮದುವೆ ಇದ್ದರೆ ಇನ್ನೊಂದು ಸಲ. ಬಂದಾಗ ಮೂರು ದಿನ, ಹೆಚ್ಚಂದ್ರೆ ನಾಲ್ಕು ದಿನ. ಇತ್ತ ಓಣಿಯ ಹೆಣ್ಣುಮಕ್ಕಳು ಅವಳನ್ನ ನಳದ ಹತ್ತಿರ ನಿಲ್ಲಿಸಿ ಕೇಳ್ತಾರೆ: "ಏನವಾ, ಏನರ ವಿಶೇಷ ಅದ ಏನು?" ಮೊದಲು ನಗ್ತಾ ಕೇಳ್ತಿದ್ರು. ಈಗ ನಗ್ತಾ ಇಲ್ಲ. ಅತ್ತೆ ಒಂದು ದೇವರಿಗೆ ಹರಕೆ ಹೊತ್ತಾಯ್ತು, ಇನ್ನೊಂದು ಕಡೆ ತಾಯತ ಕಟ್ಟಿಸಿದ್ದಾಯ್ತು.

ಈ ಮನೆಯಲ್ಲಿ ಯಾರೂ ಮಾಡದ ಒಂದು ಲೆಕ್ಕ ಇದೆ. ಒಂದೂವರೆ ವರ್ಷದಲ್ಲಿ ಇವರಿಬ್ಬರೂ ಒಟ್ಟಿಗೆ ಇದ್ದದ್ದು ಎಷ್ಟು ರಾತ್ರಿ? ಇಪ್ಪತ್ತು? ಮೂವತ್ತು? ಅದರಲ್ಲಿ ಗರ್ಭ ನಿಲ್ಲೋ ಸಾಧ್ಯತೆ ಇದ್ದ ದಿನಗಳು ಎಷ್ಟು? ಇವತ್ತು ಈ ಲೆಕ್ಕ ಮಾಡೋದು ಹೇಗೆ ಅಂತ ನೋಡೋಣ.

ಮೊದಲು ದೇಹದ ವಿಷಯ. ಹೆಣ್ಣಿನ ಅಂಡಾಶಯದಿಂದ ಸಾಮಾನ್ಯವಾಗಿ ತಿಂಗಳಿಗೆ ಒಂದೇ ಅಂಡಾಣು ಹೊರಗೆ ಬರುತ್ತೆ. ಅದರ ಆಯುಷ್ಯ 12ರಿಂದ 24 ಗಂಟೆ, ಅಷ್ಟೇ. ಗಂಡಿನ ವೀರ್ಯಾಣು ಮಾತ್ರ ಗರ್ಭಾಶಯದ ಬಾಯಿಯ ಲೋಳೆ ಚೆನ್ನಾಗಿದ್ದರೆ ಐದು ದಿನದವರೆಗೂ ಜೀವಂತ ಇರಬಲ್ಲದು. ಹಾಗಾಗಿ ಅಂಡಾಣು ಬರೋ ದಿನ, ಅದರ ಹಿಂದಿನ ಐದು ದಿನ, ಒಟ್ಟು ಆರು ದಿನ. ಇದನ್ನ ಅಳೆದು ತೋರಿಸಿದ ಅಧ್ಯಯನ 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾಯ್ತು. ಮಗು ಬೇಕು ಅಂದುಕೊಂಡಿದ್ದ 221 ಮಹಿಳೆಯರು ದಿನಾ ಬೆಳಗ್ಗೆ ಮೂತ್ರದ ಮಾದರಿ ಕೊಟ್ಟರು, ಗಂಡನ ಜೊತೆ ಕೂಡಿದ ದಿನ ಗುರುತು ಹಾಕಿದರು. ಗರ್ಭ ನಿಂತದ್ದೆಲ್ಲ ಈ ಆರು ದಿನಗಳ ಒಳಗೇ. ಅಂಡಾಣು ಬಿಡುಗಡೆ ಆದ ಮರುದಿನದಿಂದ ಬಾಗಿಲು ಮುಚ್ಚಿದ ಹಾಗೆ.

ಅದೇ ಅಧ್ಯಯನ ಇನ್ನೊಂದು ಮಾತು ಹೇಳುತ್ತೆ. ಇಂಥ ದಿನ ಕೂಡಿದರೆ ಗಂಡು, ಇಂಥ ದಿನ ಕೂಡಿದರೆ ಹೆಣ್ಣು ಅನ್ನೋದಕ್ಕೆ ಆಧಾರ ಸಿಗಲಿಲ್ಲ. ವಾಟ್ಸಾಪ್‌ನಲ್ಲಿ ಬರೋ ಆ ಪಟ್ಟಿಯನ್ನ ಡಿಲೀಟ್ ಮಾಡಿಬಿಡ್ರಿ.

ಈಗ ಪ್ರಶ್ನೆ, ಆ ಆರು ದಿನ ಗೊತ್ತಾಗೋದು ಹೇಗೆ? ಬಹಳ ಜನ "14ನೇ ದಿನ" ಅಂತಾರೆ. ಇದು ಅರ್ಧ ಸತ್ಯ. ಮುಟ್ಟಿನ ಮೊದಲ ದಿನವನ್ನ 1 ಅಂತ ಎಣಿಸಿ, 28 ದಿನಕ್ಕೆ ಸರಿಯಾಗಿ ಮತ್ತೆ ಮುಟ್ಟಾಗುವವರಿಗೆ ಸುಮಾರು 14ನೇ ದಿನ ಅಂಡಾಣು ಬರುತ್ತೆ. ಆದ್ರೆ ಲೆಕ್ಕ ಹಿಂದಿನಿಂದ ಮಾಡಬೇಕು. ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು ಅಂಡಾಣು ಬಿಡುಗಡೆ. ಹಾಗಾಗಿ 34 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಅದು 20ನೇ ದಿನದ ಆಸುಪಾಸು. 25 ದಿನದವರಿಗೆ 11ನೇ ದಿನದ ಆಸುಪಾಸು. ಎಲ್ಲರೂ 14 ಹಿಡಿದು ಕೂತರೆ ಕೆಲವರು ಪ್ರತಿ ತಿಂಗಳೂ ತಪ್ಪಿದ ದಿನಗಳನ್ನೇ ಕಾಯ್ತಾ ಇರ್ತಾರೆ.

ಬರೀ ದಿನ ಎಣಿಸೋ ಪ್ರಯೋಗ ನಮ್ಮ ರಾಜ್ಯದಲ್ಲೇ ಆಗಿದೆ. 1950ರ ದಶಕದ ಆರಂಭ. ಆಗಿನ ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್. ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಅಮೆರಿಕದ ಡಾ. ಅಬ್ರಹಾಂ ಸ್ಟೋನ್ ಬಂದರು. ದೆಹಲಿಯ ಲೋಧಿ ಕಾಲೊನಿ ಮತ್ತು ನಮ್ಮ ರಾಮನಗರ, ಈ ಎರಡು ಕಡೆ ಪ್ರಯೋಗ. ಉದ್ದೇಶ ಬೇರೆ ಇತ್ತು, ಮಗು ಆಗದ ಹಾಗೆ ನೋಡಿಕೊಳ್ಳೋದು. ಓದು ಬರದ ಹೆಂಗಸರಿಗೂ ದಿನ ಗೊತ್ತಾಗಲಿ ಅಂತ ಬೇರೆ ಬೇರೆ ಬಣ್ಣದ ಮಣಿ ಪೋಣಿಸಿದ ಸರ ಮಾಡಿಸಿದ್ರು. ದಿನಕ್ಕೊಂದು ಮಣಿ ಸರಿಸಬೇಕು. ಆ ಎಣಿಕೆಯಿಂದ ದೊಡ್ಡ ಫಲ ಸಿಗಲಿಲ್ಲ. ಮಣಿ ದಿನ ಎಣಿಸುತ್ತೆ, ಆ ತಿಂಗಳು ದೇಹದಲ್ಲಿ ಏನು ನಡೀತಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಈಗ ನಿಮ್ಮ ಫೋನ್ ತೆಗೀರಿ. ಪೀರಿಯಡ್ ಆ್ಯಪ್‌ನಲ್ಲಿ ಬರೀ ಮುಟ್ಟಿನ ದಿನಾಂಕ ಹಾಕಿದ್ರೆ, ಅದು ಕೂಡ ಹೆಚ್ಚುಕಡಿಮೆ ಆ ಮಣಿಸರವೇ. ಹಿಂದಿನ ತಿಂಗಳುಗಳ ಸರಾಸರಿ ತೆಗೆದು ಮುಂದಿನದನ್ನ ಅಂದಾಜು ಮಾಡುತ್ತೆ. ಈ ತಿಂಗಳು ಜ್ವರ ಬಂದಿತ್ತು, ಮನೆಯಲ್ಲಿ ಸಾವಾಯ್ತು, ನಿದ್ದೆ ಇಲ್ಲ, ಹಾಗಾಗಿ ಅಂಡಾಣು ಒಂದು ವಾರ ತಡ ಆಯ್ತು ಅಂದ್ರೆ ಆ್ಯಪ್‌ಗೆ ಗೊತ್ತಾಗಲ್ಲ. ಗೊತ್ತಾಗೋದು ದೇಹಕ್ಕೆ.

ದೇಹ ಕೊಡೋ ಮೊದಲ ಗುರುತು, ಲೋಳೆ. ನಮ್ಮ ಕಡೆ ಎಲ್ಲದಕ್ಕೂ "ಬಿಳುಪು ಹೋಗೋದು" ಅಂತ ಒಂದೇ ಮಾತು. ಅದರಲ್ಲಿ ವ್ಯತ್ಯಾಸ ಇದೆ. ಮುಟ್ಟು ಮುಗಿದ ಮೇಲೆ ಸಾಮಾನ್ಯವಾಗಿ ಕೆಲವು ದಿನ ಒಣಗಿದ ಹಾಗೆ ಇರುತ್ತೆ. ಆಮೇಲೆ ಬಿಳಿಯಾಗಿ, ಅಂಟಂಟಾಗಿ ಬರುತ್ತೆ. ಅಂಡಾಣು ಬರೋ ಸಮಯ ಹತ್ತಿರ ಆದಂತೆ ನೀರಿನ ಹಾಗೆ, ಜಾರುವ ಹಾಗೆ ಆಗುತ್ತೆ. ಹಸಿ ತತ್ತಿ ಒಡೆದಾಗ ಹಳದಿಯ ಸುತ್ತ ತೆಳ್ಳಗೆ ಲೋಳೆ ಇರುತ್ತಲ್ಲ, ಹಾಗೆ. ಎರಡು ಬೆರಳ ನಡುವೆ ಎಳೆದರೆ ದಾರದಂತೆ ಉದ್ದ ಬರುತ್ತೆ. ಆ ದಿನಗಳೇ ಮುಖ್ಯ. ಆಮೇಲೆ ಒಂದು ದಿನ ಅದು ಮತ್ತೆ ಗಟ್ಟಿಯಾಗುತ್ತೆ, ಇಲ್ಲ ನಿಂತೇ ಹೋಗುತ್ತೆ. ಅಲ್ಲಿಗೆ ಆ ತಿಂಗಳ ಅವಕಾಶ ಮುಗೀತು.

ಇದನ್ನ ನೋಡೋದಕ್ಕೆ ಬೆರಳು ಒಳಗೆ ಹಾಕೋದು ಬೇಡ. ಬಚ್ಚಲಿಗೆ ಹೋದಾಗ ಸ್ವಚ್ಛ ಬಟ್ಟೆಯಲ್ಲೋ ಟಿಶ್ಯೂನಲ್ಲೋ ಹೊರಗೆ ಒರೆಸಿ ನೋಡಿದ್ರೆ ಸಾಕು. ಕೆಟ್ಟ ವಾಸನೆ, ತುರಿಕೆ, ಹಸಿರು ಬಣ್ಣ ಇದ್ದರೆ ಅದು ಸೋಂಕು ಇರಬಹುದು, ಡಾಕ್ಟರ್‌ಗೆ ತೋರಿಸಬೇಕು.

"ಇದೆಲ್ಲ ನಮ್ಮಂಥವರಿಗೆ ತಿಳಿಯುತ್ತಾ?" ಅಂದ್ರೆ, ತಿಳಿಯುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ 869 ಮಹಿಳೆಯರಿಗೆ ಈ ಗುರುತು ಕಲಿಸಿ ನೋಡಿತು. ಆಕ್ಲೆಂಡ್, ಡಬ್ಲಿನ್, ಮನಿಲಾ, ಎಲ್ ಸಾಲ್ವಡೋರ್‌ನ ಸ್ಯಾನ್ ಮಿಗೆಲ್ ಜೊತೆ ನಮ್ಮ ಬೆಂಗಳೂರೂ ಇತ್ತು. ಫಲಿತಾಂಶ 1981ರಲ್ಲಿ ಪ್ರಕಟವಾಯ್ತು. ಕಲಿಸಿದ ಮೊದಲ ತಿಂಗಳಲ್ಲೇ ನೂರಕ್ಕೆ 93 ಮಂದಿ ಈ ಬದಲಾವಣೆಯನ್ನ ಸರಿಯಾಗಿ ಗುರುತು ಹಾಕಿದ್ರು. ಫೋನೂ ಇರಲಿಲ್ಲ, ಆ್ಯಪೂ ಇರಲಿಲ್ಲ.

ಎರಡನೇ ಗುರುತು, ಮೈ ಕಾವು. ಅಂಡಾಣು ಬಂದ ಮೇಲೆ ದೇಹದ ಉಷ್ಣತೆ 0.2ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿ, ಮುಂದಿನ ಮುಟ್ಟಿನವರೆಗೆ ಹಾಗೇ ಇರುತ್ತೆ. ಬೆಳಗ್ಗೆ ಎದ್ದ ಕೂಡಲೇ, ಹಾಸಿಗೆ ಬಿಡುವ ಮೊದಲು, ಒಂದೇ ಸಮಯಕ್ಕೆ ಅಳೀಬೇಕು. ಇಲ್ಲಿ ರಾಯಚೂರಿನ ಕಷ್ಟ ಬರುತ್ತೆ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗಿರ್ತೀವಿ. ನಸುಕಿನಲ್ಲಿ ನಳ ಬಂತು ಅಂತ ಕೊಡ ಹಿಡಿದು ಓಡ್ತೀವಿ. ನಿದ್ದೆ ಕೆಟ್ಟರೆ ಈ ಲೆಕ್ಕವೂ ಕೆಡುತ್ತೆ. ಇನ್ನೊಂದು, ಕಾವು ಏರಿದ್ದು ಗೊತ್ತಾಗುವಷ್ಟರಲ್ಲಿ ಒಳ್ಳೆ ದಿನಗಳು ಮುಗಿದಿರುತ್ತೆ. ಎರಡು-ಮೂರು ತಿಂಗಳು ಬರೆದಿಟ್ಟರೆ ನಿಮ್ಮ ತಿಂಗಳ ನಡೆ ತಿಳಿಯೋಕೆ ಸಹಾಯ, ಅಷ್ಟೇ. ಆಗಲಿಲ್ಲ ಅಂದ್ರೆ ಬಿಟ್ಟುಬಿಡ್ರಿ.

ಮೂರನೇದು, ಮೆಡಿಕಲ್ ಶಾಪ್‌ನಲ್ಲಿ ಸಿಗೋ ಓವುಲೇಶನ್ ಕಿಟ್. ಮೂತ್ರದಲ್ಲಿ ಎಲ್‌ಎಚ್ ಅನ್ನೋ ಹಾರ್ಮೋನ್ ಏರಿದ್ದನ್ನ ಇದು ತೋರಿಸುತ್ತೆ. ಏರಿದ ಮೇಲೆ ಒಂದು, ಒಂದೂವರೆ ದಿನದಲ್ಲಿ ಅಂಡಾಣು ಬರುತ್ತೆ. ಪರೀಕ್ಷೆಯ ಗೆರೆ ಪಕ್ಕದ ಗೆರೆಯಷ್ಟೇ ಗಾಢವಾಗಿ, ಇಲ್ಲ ಇನ್ನೂ ಗಾಢವಾಗಿ ಕಂಡರೆ ಮಾತ್ರ ಪಾಸಿಟಿವ್. ಇದು ಗರ್ಭ ನಿಂತಿದೆಯಾ ಅಂತ ನೋಡೋ ಕಿಟ್ ಅಲ್ಲ, ಕೇಳುವಾಗ ಸರಿಯಾಗಿ ಹೇಳಿ ತಗೊಳ್ರಿ. ಪಿಸಿಒಎಸ್ ಇದ್ದವರಿಗೆ ಇದು ತಪ್ಪು ತೋರಿಸಬಹುದು.

ಲೋಳೆ ಜಾರುವ ಹಾಗೆ ಕಂಡ ದಿನದಿಂದ ಅದು ನಿಲ್ಲುವವರೆಗೆ ದಿನ ಬಿಟ್ಟು ದಿನ, ಇಲ್ಲ ದಿನಾ ಕೂಡಿದರೆ ಸಾಕು. "ಶಕ್ತಿ ಕೂಡಿಸಿಟ್ಟು" ವಾರಗಟ್ಟಲೆ ಕಾಯೋದರಿಂದ ಲಾಭ ಇಲ್ಲ. ಹಬ್ಬಕ್ಕೆ, ಪೂಜೆಗೆ ಅಂತ ಮುಟ್ಟು ಮುಂದೂಡೋ ಮಾತ್ರೆ ನಮ್ಮಲ್ಲಿ ಬಹಳ ಮಂದಿ ತಗೊಳ್ತಾರೆ. ಮಗು ಬೇಕು ಅನ್ನೋ ತಿಂಗಳಲ್ಲಿ ಅದರಿಂದ ಲೆಕ್ಕ ಪೂರಾ ತಪ್ಪುತ್ತೆ. ಗರ್ಭ ನಿಂತಿರೋ ಸಾಧ್ಯತೆಯೂ ಇರುತ್ತೆ, ಡಾಕ್ಟರ್‌ನ ಕೇಳದೆ ನುಂಗಬೇಡ್ರಿ.

ಇಷ್ಟೆಲ್ಲ ಮಾಡಿದ್ರೂ, ಇಬ್ಬರೂ ಆರೋಗ್ಯವಾಗಿದ್ರೂ, ಒಂದು ತಿಂಗಳಲ್ಲಿ ಗರ್ಭ ನಿಲ್ಲೋ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು ಇದ್ದಂತೆ. ಮೂರು ತಿಂಗಳು ಆಗಲಿಲ್ಲ ಅಂದ್ರೆ ಏನೋ ದೋಷ ಇದೆ ಅಂತ ಅರ್ಥ ಅಲ್ಲ.

ಈಗ ನಮ್ಮ ಆ ಮನೆಗೆ ಮತ್ತೆ ಬರೋಣ. ಅವಳಿಗೆ 30 ದಿನಕ್ಕೊಮ್ಮೆ ಮುಟ್ಟು ಅಂತಿಟ್ಟುಕೊಳ್ರಿ. ತಿಂಗಳಲ್ಲಿ ಆರು ದಿನ ಅಂದ್ರೆ ಐದರಲ್ಲಿ ಒಂದು ಪಾಲು. ಅವನು ಒಂದೂವರೆ ವರ್ಷದಲ್ಲಿ ಎಂಟು ಸಲ ಬಂದ. ಹಬ್ಬದ ದಿನಾಂಕ ಅವಳ ದೇಹವನ್ನ ಕೇಳಿ ಬರಲ್ಲ. ಒಮ್ಮೆ ಬಂದಾಗ ಅವಳು ಮುಟ್ಟಾಗಿದ್ದಳು. ಒಮ್ಮೆ ಮನೆ ತುಂಬ ನೆಂಟರು, ಇಬ್ಬರಿಗೂ ಮಲಗೋಕೆ ಒಂದು ಕೋಣೆ ಇಲ್ಲ. ಹೀಗೆ ಕಳೆದರೆ ಆ ದಿನಗಳಿಗೆ ಹೊಂದಿದ್ದು ಮೂರೋ ನಾಲ್ಕೋ ಸಲ. ಅಂದ್ರೆ ಇವರು ಪ್ರಯತ್ನ ಮಾಡಿದ್ದು ನಿಜವಾಗಿ ಮೂರು-ನಾಲ್ಕು ತಿಂಗಳು. ಊರು ಎಣಿಸಿದ್ದು ಹದಿನೆಂಟು ತಿಂಗಳು. ನಡುವಿನ ಅಂತರಕ್ಕೆಲ್ಲ ಹೊಣೆ ಅವಳ ತಲೆಗೆ.

ಇಂಥವರು ಒಂದು ಕೆಲಸ ಮಾಡಬಹುದು. ಅವಳು ಮುಟ್ಟಿನ ದಿನ, ಲೋಳೆ ಕಂಡ ದಿನ ಬರೆದಿಟ್ಟು ಅವನಿಗೂ ತಿಳಿಸಲಿ. ಅವನು ಮೇಸ್ತ್ರಿ ಹತ್ತಿರ ರಜೆ ಕೇಳುವಾಗ ಪಂಚಾಂಗದ ಜೊತೆ ಅದನ್ನೂ ನೋಡಲಿ. ಮನೆಯವರು ಇಬ್ಬರಿಗೂ ಒಂದು ಕೋಣೆ ಬಿಟ್ಟುಕೊಡಲಿ. ಇಲ್ಲಾ, ಸಾಧ್ಯ ಇದ್ದರೆ ಅವಳೇ ಒಂದೆರಡು ತಿಂಗಳು ಬೆಂಗಳೂರಿಗೆ ಹೋಗಿ ಇರಲಿ.

ಇನ್ನು ಗಂಡಸರ ಮಾತು. ನಮ್ಮದು ಹತ್ತಿ ಬೆಳೆಯೋ ಜಿಲ್ಲೆ. ಬೀಜ ಮೊಳಕೆ ಬರಲಿಲ್ಲ ಅಂದ್ರೆ ರೈತ ಮೊದಲು ಬೀಜದ ಪ್ಯಾಕೆಟ್ ಹಿಡ್ಕೊಂಡು ಅಂಗಡಿಗೆ ಹೋಗಿ ಜಗಳ ಮಾಡ್ತಾನೆ. ಮನೆಗೆ ಬಂದರೆ ಮಾತ್ರ ಎಲ್ಲ ದೋಷ ಹೊಲದ್ದೇ. ಹೆಣ್ಣನ್ನ ಹೊಲ ಅನ್ನೋದೇ ಸರಿಯಲ್ಲ, ಅದು ಬೇರೆ ಮಾತು. ಮಗು ಆಗದ ಜೋಡಿಗಳನ್ನ ಪರೀಕ್ಷೆ ಮಾಡಿದರೆ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತೆ. ವೀರ್ಯ ಪರೀಕ್ಷೆ ಸುಲಭ, ನೋವಿಲ್ಲ. ಎರಡರಿಂದ ಏಳು ದಿನ ಬಿಟ್ಟು ಕೊಡಬೇಕು. ಮಾದರಿ ಒಂದು ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು, ಹಾಗಾಗಿ ಊರಿಂದ ಬಸ್ಸಲ್ಲಿ ಒಯ್ಯೋ ಬದಲು ಲ್ಯಾಬ್‌ನಲ್ಲೇ ಕೊಡೋದು ಒಳ್ಳೇದು. ಸಿಗರೇಟು, ತಂಬಾಕು, ಕುಡಿತ ವೀರ್ಯಾಣುವನ್ನ ಕೆಡಿಸುತ್ತೆ. ಜಿಮ್‌ನಲ್ಲಿ ಮೈ ಬೆಳೆಸೋಕೆ ಚುಚ್ಚಿಸಿಕೊಳ್ಳೋ ಹಾರ್ಮೋನ್ ಇಂಜೆಕ್ಷನ್ ವೀರ್ಯಾಣು ಉತ್ಪತ್ತಿಯನ್ನೇ ನಿಲ್ಲಿಸಬಹುದು. ಹೊಸ ವೀರ್ಯಾಣು ತಯಾರಾಗೋಕೆ ಎರಡೂವರೆ, ಮೂರು ತಿಂಗಳು ಬೇಕು. ಇವತ್ತು ಬಿಟ್ಟರೆ ಫಲ ಆಮೇಲೆ ಕಾಣುತ್ತೆ.

ಡಾಕ್ಟರ್ ಹತ್ತಿರ ಯಾವಾಗ? ಹೆಣ್ಣಿಗೆ 35ರೊಳಗಿದ್ದು, ಒಟ್ಟಿಗೇ ಇದ್ದು, ಒಂದು ವರ್ಷ ಪ್ರಯತ್ನ ಮಾಡಿದ್ರೂ ಆಗದಿದ್ದರೆ. 35 ದಾಟಿದ್ದರೆ ಆರು ತಿಂಗಳಿಗೇ. ಮುಟ್ಟು 21 ದಿನಕ್ಕಿಂತ ಬೇಗ ಅಥವಾ 35 ದಿನಕ್ಕಿಂತ ತಡವಾಗಿ ಬರ್ತಿದ್ದರೆ, ಮುಟ್ಟಿನ ನೋವು ತಡೆಯೋಕಾಗದಷ್ಟಿದ್ದರೆ, ಹಿಂದೆ ಟಿಬಿ ಆಗಿದ್ದರೆ ಕಾಯಬೇಡ್ರಿ. ಗಂಡಸಿಗೆ ವೃಷಣದ ಆಪರೇಷನ್ ಆಗಿದ್ದರೂ ಅಷ್ಟೇ. ರಾಯಚೂರಿನ ರಿಮ್ಸ್‌ನಲ್ಲಿ ಸ್ತ್ರೀರೋಗ ವಿಭಾಗ ಇದೆ. ಮೊದಲು ನಿಮ್ಮ ಆಶಾ ಕಾರ್ಯಕರ್ತೆಯನ್ನ ಕೇಳಿದ್ರೂ ದಾರಿ ಹೇಳ್ತಾರೆ. ಹೋಗುವಾಗ ಆ ಬರೆದಿಟ್ಟ ಪುಸ್ತಕ ಒಯ್ಯಿರಿ, ಅರ್ಧ ಪ್ರಶ್ನೆಗೆ ಉತ್ತರ ಅದರಲ್ಲೇ ಇರುತ್ತೆ. ಹೋಗೋದು ಇಬ್ಬರೂ. ಮಗು ಬೇಕು ಅಂದುಕೊಂಡ ದಿನದಿಂದಲೇ ಅವಳು ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ತಗೊಳ್ಳೋದು ಒಳ್ಳೇದು, ರಕ್ತಹೀನತೆಯನ್ನೂ ಪರೀಕ್ಷೆ ಮಾಡಿಸಿಕೊಳ್ಳಲಿ.

ಕೊನೇ ಮಾತು, ಈ ಬರೆದಿಡೋದೇ ಇನ್ನೊಂದು ಹೊರೆ ಆಗಬಾರದು. ಆ ಪುಸ್ತಕ ಅತ್ತೆ ಕೈಗೆ ಸಿಕ್ಕು, "ಈ ತಿಂಗಳ ದಿನ ಯಾಕ ತಪ್ಪಿಸಿದಿ?" ಅಂತ ಕೇಳೋ ಹಾಗಾದ್ರೆ ಅದರಿಂದ ಸುಖ ಇಲ್ಲ. ಅದು ಗಂಡ ಹೆಂಡತಿ ಇಬ್ಬರ ನಡುವೆ ಇರಲಿ. ಮತ್ತೆ ನೀವು, ಇದನ್ನ ಕೇಳಿದ ಮೇಲೆ ನಾಳೆ ನಳದ ಹತ್ತಿರ ಯಾರಾದ್ರೂ ಹೊಸ ಸೊಸೆ ಸಿಕ್ಕರೆ, "ವಿಶೇಷ ಅದ ಏನು?" ಅಂತ ಕೇಳಬೇಡ್ರಿ. "ಊಟ ಆಯ್ತೇನವಾ?" ಅಂತ ಕೇಳ್ರಿ, ಸಾಕು.