ಕಚೇರಿಯ ಕಿಟಕಿಯಲ್ಲಿ ಕನ್ನಡ



ನಿಮ್ಮ ಮನೆಯ ಅಜ್ಜಿಯೊಬ್ಬರು ಮರಿಯಮ್ಮನಹಳ್ಳಿಯ ನಾಡಕಚೇರಿಗೆ ಹೋಗಿದ್ದಾರೆಂದು ಭಾವಿಸಿ. ಪಿಂಚಣಿಗಾಗಿ ಅರ್ಜಿ ಕೊಡಬೇಕು. ಕಿಟಕಿಯ ಆಚೆಗಿರುವವರು ಒಂದು ಕಾಗದ ಮುಂದಿಟ್ಟು, ‘ಇಲ್ಲಿ ಸಹಿ ಮಾಡಿ’ ಎನ್ನುತ್ತಾರೆ. ಆ ಕಾಗದದಲ್ಲಿ ಏನು ಬರೆದಿದೆಯೆಂದು ಓದಿಸಿಕೊಂಡರೂ ಅಜ್ಜಿಗೆ ತಿಳಿಯದಿದ್ದರೆ? ಆಗ ಅವರು ಒತ್ತುವುದು ಹೆಬ್ಬೆಟ್ಟಿನ ಗುರುತನ್ನಲ್ಲ, ತಮ್ಮ ಹಕ್ಕನ್ನೇ ಇನ್ನೊಬ್ಬರ ಕೈಗೆ ಒಪ್ಪಿಸುತ್ತಾರೆ. ಭಾಷೆಗೂ ರಾಜಕೀಯಕ್ಕೂ ಇರುವ ನಂಟು ಇಲ್ಲಿಂದಲೇ ಆರಂಭವಾಗುತ್ತದೆ.

ನಮ್ಮ ಈ ಸೀಮೆಗೆ ಆ ನಂಟು ಹೊಸದಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ ಪ್ರದೇಶವನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಅಂದಿನಿಂದ ಒಂದೂವರೆ ಶತಮಾನ ಇದು ಮದ್ರಾಸಿನ ಆಡಳಿತದಲ್ಲಿತ್ತು. ಮೇಲಿನ ಕಚೇರಿಗಳ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ; ರಾಜಧಾನಿ ದೂರದ ಕಡಲತೀರದಲ್ಲಿ. ಆಂಧ್ರ ರಾಜ್ಯ ರಚನೆಯಾದಾಗ ಪ್ರಶ್ನೆ ಎದ್ದಿತು: ಬಳ್ಳಾರಿ ಯಾರಿಗೆ? ಬಳ್ಳಾರಿ ತಾಲ್ಲೂಕಿನ ವಿಷಯವನ್ನು ಪರಿಶೀಲಿಸಲು ನ್ಯಾಯಮೂರ್ತಿ ಮಿಶ್ರಾ ಅವರನ್ನು ನೇಮಿಸಲಾಯಿತು. ಕೊನೆಗೆ 1953ರ ಅಕ್ಟೋಬರ್ 1ರಂದು ಹೊಸಪೇಟೆ, ಸಂಡೂರು ಸೇರಿದಂತೆ ಏಳು ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು; ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಆ ಸಂಭ್ರಮದ ಹಿಂದಿನ ರಾತ್ರಿ, ಬಳ್ಳಾರಿಯಲ್ಲಿ ಸಮಾರಂಭದ ಚಪ್ಪರ ಕಾಯುತ್ತಿದ್ದ ರಂಜಾನ್ ಸಾಬ್ ಅವರು ಆಸಿಡ್ ದಾಳಿಗೆ ಬಲಿಯಾದರು.

ಅಲ್ಲಿಗೂ ಮುಗಿಯಲಿಲ್ಲ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ಹೊಸಪೇಟೆ, ಬಳ್ಳಾರಿ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಸೇರಿಸಬೇಕೆಂದು ಸಲಹೆ ಮಾಡಿತು. ಕಾರಣಗಳಲ್ಲಿ ಮುಖ್ಯವಾದುದು ತುಂಗಭದ್ರಾ ಯೋಜನೆ. ಅಂದರೆ ನೀರಿನ ಲೆಕ್ಕ ಒಂದು ಕಡೆ, ಜನರ ನುಡಿ ಒಂದು ಕಡೆ. ಸರ್ಕಾರ ಆ ಸಲಹೆಯನ್ನು ಒಪ್ಪಲಿಲ್ಲ. ಹಾಗಾಗಿ 1956ರ ನವೆಂಬರ್ 1ರಂದು ಈ ಊರುಗಳು ವಿಶಾಲ ಮೈಸೂರು ರಾಜ್ಯದಲ್ಲೇ ಉಳಿದವು.

ಗಡಿ ಗೆರೆ ಎಳೆದರೆ ಭಾಷೆ ಆಡಳಿತಕ್ಕೆ ಬಂದುಬಿಡುತ್ತದೆಯೇ? ಇಲ್ಲ. 1963ರಲ್ಲಿ ರಾಜಭಾಷಾ ಅಧಿನಿಯಮ ಬಂದಿತು. ಆದರೂ ಶಾಲೆಯಲ್ಲಿ ಕನ್ನಡದ ಸ್ಥಾನಕ್ಕಾಗಿ 1982ರಲ್ಲಿ ಗೋಕಾಕ್ ಚಳವಳಿ ನಡೆಯಬೇಕಾಯಿತು. ದೂರದ ಉಕ್ರೇನಿನ ಕಥೆಯೂ ಇಂಥದೇ. 1876ರಲ್ಲಿ ರಷ್ಯಾದ ಚಕ್ರವರ್ತಿ ಉಕ್ರೇನಿಯನ್ ಭಾಷೆಯ ಮುದ್ರಣದ ಮೇಲೆ ಕಠಿಣ ನಿರ್ಬಂಧ ಹೇರಿದ. ಅದೇ ಭಾಷೆ 1996ರ ಸಂವಿಧಾನದಲ್ಲಿ ಆ ದೇಶದ ರಾಜ್ಯಭಾಷೆಯಾಯಿತು. ನಡುವೆ ಅದನ್ನು ಉಳಿಸಿದ್ದು ಆಡುವ ಜನ, ಬರೆಯುವ ಜನ.

ಮರಿಯಮ್ಮನಹಳ್ಳಿಯಲ್ಲಿ ಆ ಕೆಲಸ ಮಾಡಿದ್ದು ರಂಗಭೂಮಿ. ಈ ಊರು ನಾಟಕದವರ ಊರು. ಇಲ್ಲಿನ ಮಂಜಮ್ಮ ಜೋಗತಿಯವರು ಜೋಗತಿ ಕುಣಿತವನ್ನು ನಾಡಿನ ಮುಂದಿಟ್ಟರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದರು. ಸಮಾಜ ಬದಿಗೆ ಸರಿಸಿದ್ದ ಸಮುದಾಯದವರೊಬ್ಬರು ಸಾರ್ವಜನಿಕ ಹುದ್ದೆಗೇರಿದ್ದು ಆಡುಮಾತಿನ ಹಾಡು, ಕುಣಿತ, ಕಥೆಗಳ ಬಲದಿಂದ. ಭಾಷೆ ಬಾಗಿಲು ತೆರೆದರೆ ಹೀಗೆ ತೆರೆಯಬೇಕು.

ಇಲ್ಲಿ ಎರಡು ಎಚ್ಚರಿಕೆಯ ಮಾತು ಹೇಳಬೇಕು. ಮೊದಲನೆಯದು: ಕಚೇರಿಯ ಕನ್ನಡವೇ ಜನರಿಗೆ ಅರ್ಥವಾಗದಿದ್ದರೆ ಅದಕ್ಕೂ ಇಂಗ್ಲಿಷಿಗೂ ವ್ಯತ್ಯಾಸವಿಲ್ಲ. ಅರ್ಜಿ, ಜಮೀನು, ವಕೀಲ, ತಹಶೀಲ್ದಾರ್ — ಇವೆಲ್ಲ ಹೊರಗಿನಿಂದ ಬಂದು ನಮ್ಮವೇ ಆದ ಪದಗಳು. ಅವನ್ನು ಬಿಟ್ಟು ಬಾಯಿ ತಿರುಗದ ಪದ ಕಟ್ಟಿದರೆ ಅಜ್ಜಿ ಮತ್ತೆ ಕಿಟಕಿಯ ಹೊರಗೇ ನಿಲ್ಲುತ್ತಾರೆ. ಎರಡನೆಯದು: ನಮ್ಮ ಸುತ್ತ ತೆಲುಗು, ಉರ್ದು, ಲಂಬಾಣಿ ಮನೆಮಾತಿನವರು ಇದ್ದಾರೆ. ನಮ್ಮ ಹಿರಿಯರು ಮದ್ರಾಸಿನಲ್ಲಿ ಬೇಡಿದ ನ್ಯಾಯ ಅವರಿಗೂ ಸಲ್ಲಬೇಕು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ರಂಜಾನ್ ಸಾಬ್ ಅವರನ್ನು ನೆನೆದರೆ ಕನ್ನಡ ಯಾವ ಒಂದು ಜಾತಿ ಮತದ ಸ್ವತ್ತೂ ಅಲ್ಲವೆಂಬುದು ತಾನೇ ತಿಳಿಯುತ್ತದೆ.

ನೀವೇನು ಮಾಡಬಹುದು? ಮುಂದಿನ ಗ್ರಾಮಸಭೆಗೆ ಅಥವಾ ವಾರ್ಡ್ ಸಭೆಗೆ ಹೋಗಿ ಕುಳಿತುಕೊಳ್ಳಿ. ಓದಿದ ನಡಾವಳಿ ಅರ್ಥವಾಗದಿದ್ದರೆ ಎದ್ದು ನಿಂತು, ‘ಸ್ವಾಮಿ, ಇದನ್ನು ತಿಳಿಯುವ ಹಾಗೆ ಹೇಳಿ’ ಎಂದು ಕೇಳಿ. ಅಕ್ಕಪಕ್ಕದ ಹಿರಿಯರಿಗೆ ಒಂದು ಅರ್ಜಿಯನ್ನು ಓದಿ ಹೇಳಿ, ಅವರ ಮಾತಿನಲ್ಲೇ ಬರೆದುಕೊಡಿ. ನಾಳೆ ನಿಮ್ಮಲ್ಲೇ ಕೆಲವರು ಆ ಕಿಟಕಿಯ ಒಳಗಡೆ ಕೂರುವವರು. ಅಂದು ಎದುರು ನಿಂತ ಅಜ್ಜಿಗೆ, ಸಹಿ ಹಾಕಿಸುವ ಮೊದಲು, ಕಾಗದದಲ್ಲೇನಿದೆ ಎಂದು ಓದಿ ಹೇಳಿರಿ. ಹಿರಿಯರು ಪಡೆದುಕೊಟ್ಟ ನಾಡು ಪೂರ್ತಿ ನಮ್ಮದಾಗುವುದು ಆಗಲೇ.