ಬೇಲಿಯಂಚಿನ ಕಿರುಗುಳ್ಳ



ನಮ್ಮ ಖಾನಾಪುರದ ಕಡೆ ಬೇಲಿಯಂಚಿನಲ್ಲಿ ಬೆಳೆಯುವ ಮುಳ್ಳಿನ ಕಿರುಗುಳ್ಳ ಬದನೆಯ ಬಳಗದ್ದು. ಆಯುರ್ವೇದದಲ್ಲಿ ಇದರ ಹೆಸರು ಬೃಹತೀ. ದಶಮೂಲದ ಹತ್ತು ಬೇರುಗಳಲ್ಲಿ ಇದೂ ಒಂದು. ಕೆಮ್ಮು, ದಮ್ಮಿಗೆ ವೈದ್ಯರು ಬಳಸುತ್ತಾರೆ.

ಆದರೆ ಈ ಬಳಗದ ಕಾಡುಗಿಡಗಳಲ್ಲಿ ವಿಷದ ಅಂಶವೂ ಇರುತ್ತದೆ. ಕಾಯಿ ಕಿತ್ತು ಬಾಯಿಗೆ ಹಾಕಬೇಡಿ. ನಾನು ಎಂಜಿನಿಯರ್. ನಮ್ಮಲ್ಲಿ ಪರೀಕ್ಷಿಸದ ಸಾಫ್ಟ್‌ವೇರ್ ಹೊರಗೆ ಬಿಡುವುದಿಲ್ಲ. ಔಷಧಕ್ಕೂ ಅದೇ ನಿಯಮ. ಅಂಥ ಸಂಶೋಧನೆಗೆಂದೇ ಬೆಳಗಾವಿಯ ನೆಹರೂ ನಗರದಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯಕೀಯ ಸಂಸ್ಥೆಯಿದೆ.

ಬೇರಿಗಾಗಿ ಅಗೆದರೆ ಗಿಡವೇ ಹೋಗುತ್ತದೆ. ಈ ಸುವರ್ಣ ವರ್ಷದಲ್ಲಿ ಶಾಲೆಯ ಬೇಲಿಗೆ ಇದರ ಬೀಜ ಬಿತ್ತೋಣ, ಹೆಸರಿನ ಫಲಕ ಹಾಕೋಣ. ಮುಂದೆ ಇದನ್ನು ಪರೀಕ್ಷಿಸುವ ವಿಜ್ಞಾನಿ ನಿಮ್ಮಲ್ಲೇ ಒಬ್ಬರಾಗಲಿ.