ನೀರಿನಲ್ಲಿ ಮೀನಿನ ಗುರುತು

ಅಕ್ಕಂದಿರೇ, ಅವ್ವಂದಿರೇ,

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಬಂದು ಕೂತಿದ್ದೀರಿ. ಇವತ್ತು ನಾವು ನೀರಿನ ವಿಷಯ ಮಾತಾಡೋಣ.

ನೀರಿನ ವಿಷಯ ನಮಗೆ ಗೊತ್ತಿಲ್ಲದ್ದೇನ್ರಿ? ಹೊತ್ತು ತರುವವರು ನಾವು. ಸೋಸಿ ಇಡುವವರು ನಾವು. ಬಾಯಿಗೆ ಹಾಕಿಕೊಂಡರೆ ಸವಳೋ ಸಿಹಿಯೋ ಹೇಳುತ್ತೇವೆ. ಆದರೆ ಒಂದು ಕೊಡ ನೀರು ನೋಡಿ, ಆ ಕೆರೆಯಲ್ಲಿ ಯಾವ ಯಾವ ಮೀನು ಇವೆ ಅಂತ ಹೇಳಲು ಆದೀತೇ?

ಆಗುತ್ತದೆ. ಬಲೆ ಬೀಸಬೇಕಿಲ್ಲ. ಗಾಳ ಹಾಕಬೇಕಿಲ್ಲ. ಒಂದು ಮೀನೂ ಸಾಯಬೇಕಿಲ್ಲ. ಹೇಗೆ ಅಂತೀರಾ? ಕೇಳ್ರಿ.

ತಲೆ ಬಾಚಿದರೆ ಬಾಚಣಿಗೆಯಲ್ಲಿ ಕೂದಲು ಉಳಿಯುತ್ತದೆ. ಮೈ ತಿಕ್ಕಿದರೆ ಚರ್ಮದ ಪುಡಿ ಉದುರುತ್ತದೆ. ಮೀನಿಗೂ ಹಾಗೇ. ಅದರ ಮೈಯ ಲೋಳೆ, ಹುರುಪೆ, ಮಲ ಎಲ್ಲ ನೀರಿಗೆ ಸೇರುತ್ತವೆ. ಆ ಚೂರುಗಳಲ್ಲಿ ಡಿಎನ್‌ಎ ಎಂಬ ವಸ್ತು ಇರುತ್ತದೆ. ಎಲ್ಲ ಜೀವಿಗಳ ಮೈಯಲ್ಲೂ ಇದು ಇದೆ. ಮಗು ತಾಯಿ ತಂದೆಯನ್ನು ಹೋಲುವುದು ಇದರಿಂದಲೇ.

ನಾವು ಅಕ್ಷರ ಕಲಿತೆವು. ಕನ್ನಡಕ್ಕೆ 49 ಅಕ್ಷರ. ಡಿಎನ್‌ಎಗೆ ನಾಲ್ಕೇ ಅಕ್ಷರ. ಎ, ಟಿ, ಜಿ, ಸಿ. ಈ ನಾಲ್ಕೇ ಹಿಂದೆ ಮುಂದೆ ಆಗಿ ಉದ್ದಕ್ಕೆ ಸಾಲಾಗಿ ನಿಂತಿವೆ. ‘ಸರ’ ಅಂತ ಬರೆಯಿರಿ. ತಿರುಗಿಸಿ ‘ರಸ’ ಅಂತ ಬರೆಯಿರಿ. ಅಕ್ಷರ ಅವೇ, ಅರ್ಥ ಬೇರೆ. ಹಾಗೆಯೇ ರೋಹು ಮೀನಿನ ಸಾಲು ಬೇರೆ, ಕಾಟ್ಲಾ ಮೀನಿನ ಸಾಲು ಬೇರೆ.

ವಿಜ್ಞಾನಿಗಳು ಕೆರೆಯ ನಾಲ್ಕಾರು ಕಡೆಯಿಂದ ನೀರು ತೆಗೆದುಕೊಳ್ಳುತ್ತಾರೆ. ತೀರ ಸಣ್ಣ ಕಣ್ಣಿನ ಹಾಳೆಯಲ್ಲಿ ಸೋಸುತ್ತಾರೆ. ಹಾಳೆಯ ಮೇಲೆ ಉಳಿದದ್ದರಿಂದ ಡಿಎನ್‌ಎ ಬೇರೆ ಮಾಡುತ್ತಾರೆ. ಅದು ಬಹಳ ಕಡಿಮೆ ಇರುತ್ತದೆ. ಒಂದು ಚಮಚ ಹೆಪ್ಪಿನಿಂದ ಒಂದು ಗಡಿಗೆ ಮೊಸರಾಗುವುದಿಲ್ಲವೇ? ಹಾಗೆ ಯಂತ್ರದಲ್ಲಿಟ್ಟು ಒಂದನ್ನು ಕೋಟಿ ಮಾಡುತ್ತಾರೆ. ಆಮೇಲೆ ಆ ಸಾಲು ಓದುತ್ತಾರೆ. ಗೊತ್ತಿರುವ ಮೀನುಗಳ ಪಟ್ಟಿಯ ಜೊತೆ ತಾಳೆ ನೋಡುತ್ತಾರೆ.

ಇದು ಕಟ್ಟುಕತೆಯಲ್ಲ. 2008ರಲ್ಲಿ ಫ್ರಾನ್ಸ್ ದೇಶದ ವಿಜ್ಞಾನಿಗಳು ಕೊಳದ ನೀರು ನೋಡಿಯೇ, ಅಲ್ಲಿ ಅಮೆರಿಕದ ದೊಡ್ಡ ಕಪ್ಪೆ ಸೇರಿಕೊಂಡಿದೆ ಅಂತ ಹೇಳಿದರು. 2015ರಲ್ಲಿ ಜಪಾನಿನವರು ಕಡಲ ಮೀನು ಸಾಕಿದ ದೊಡ್ಡ ತೊಟ್ಟಿಗಳ ನೀರು ಪರೀಕ್ಷಿಸಿದರು. ನೂರಕ್ಕೆ 90ಕ್ಕಿಂತ ಹೆಚ್ಚು ಜಾತಿಗಳು ಪತ್ತೆಯಾದವು. ನಮ್ಮ ದೇಶದಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯವರು ಒಡಿಶಾದ ಚಿಲಿಕಾ ಸರೋವರದ ನೀರನ್ನು ಹೀಗೆ ಓದಿದ್ದಾರೆ. ಚಿಲಿಕಾ ಕಡಲಿಗೆ ಕೂಡಿಕೊಂಡ ಸರೋವರ.

ಕಡಲಿನ ಮಾತು ನಮಗ್ಯಾಕೆ ಅಂತೀರಾ? ಸಂತೆಗೆ ಬರುವ ಒಣಮೀನು ಕಡಲಿನದಲ್ಲವೇನ್ರಿ? ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ಮೀನು ಹಿಡಿಯುವಂತಿಲ್ಲ. ಮೀನು ಮರಿ ಮಾಡಲಿ ಅಂತ ಈ ನಿಯಮ. ಯಾವ ಮೀನು ಯಾವ ತಿಂಗಳು ಎಲ್ಲಿ ಇರುತ್ತದೆ ಅಂತ ನೀರೇ ಹೇಳಿದರೆ, ಇಂಥ ನಿಯಮ ಮಾಡುವವರಿಗೆ ಅನುಕೂಲ.

ಈಗ ನಮ್ಮ ಸೀಮೆಗೆ ಬನ್ನಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ಗೊತ್ತಲ್ಲ? 2024ರ ಜನವರಿಯಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು. ಲೋಕದ ಮಹತ್ವದ ನೀರಿನ ತಾಣಗಳ ಪಟ್ಟಿ ಅದು. ಅದೇ ಸಲ ಉತ್ತರ ಕನ್ನಡದ ಅಘನಾಶಿನಿ ಅಳಿವೆಯೂ ಸೇರಿತು. ಅಂಕಸಮುದ್ರದಲ್ಲಿ 240 ಜಾತಿ ಹಕ್ಕಿ, 41 ಜಾತಿ ಮೀನು ಇವೆ ಅಂತ ಲೆಕ್ಕ. ಹಕ್ಕಿ ಕಣ್ಣಿಗೆ ಕಾಣುತ್ತದೆ, ಎಣಿಸಬಹುದು. ನೀರೊಳಗಿನ ಮೀನು ಎಣಿಸುವುದು ಕಷ್ಟ. ಅನೇಕ ಹಕ್ಕಿಗಳು ಬದುಕುವುದು ಆ ಮೀನಿನಿಂದ.

ಹರಪನಹಳ್ಳಿ, ಹಡಗಲಿ ಸೀಮೆಯ ಅಂಚಿನಲ್ಲಿ ತುಂಗಭದ್ರಾ ಹೊಳೆ ಹರಿಯುತ್ತದೆ. ಹೊಳೆ ನಂಬಿ ಬದುಕುವ ಮನೆಗಳು ಅಲ್ಲಿವೆ. ಗಂಡಸರು ಬಲೆ ಹಾಕಿದರೆ, ಬುಟ್ಟಿ ಹೊತ್ತು ಮಾರುವವರು ಹೆಂಗಸರು. ಅವರ ಬುಟ್ಟಿ ಬರಿದಾಗಬಾರದು. ಆಫ್ರಿಕಾದ ಕ್ಯಾಟ್‌ಫಿಶ್ ಎಂಬ ಮೀನಿದೆ. ಹೊಳೆಗೆ ಬಿದ್ದರೆ ನಾಟಿ ಮೀನು, ಮರಿ, ಮೊಟ್ಟೆ ಎಲ್ಲ ತಿನ್ನುತ್ತದೆ. 2000ರಲ್ಲಿ ಕೇಂದ್ರ ಸರ್ಕಾರ ಅದರ ಸಾಕಣೆ ನಿಷೇಧಿಸಿತು. ಅಂಥ ಮೀನು ಬಲೆಗೆ ಬೀಳುವ ಹೊತ್ತಿಗೆ ನೂರಾರು ಆಗಿರುತ್ತವೆ. ನೀರು ಪರೀಕ್ಷಿಸಿದರೆ ಹತ್ತು ಇರುವಾಗಲೇ ಗೊತ್ತಾದೀತು.

ಆದರೆ ನೀರು ಎಲ್ಲವನ್ನೂ ಹೇಳುವುದಿಲ್ಲ. ಮೀನು ಎಷ್ಟಿವೆ ಅಂತ ಸರಿಯಾಗಿ ಹೇಳದು. ದೊಡ್ಡದೋ ಮರಿಯೋ ಹೇಳದು. ಸಂತೆಯಲ್ಲಿ ಮೀನು ತೊಳೆದ ನೀರು ಕೆರೆಗೆ ಹರಿದರೆ ಲೆಕ್ಕ ತಪ್ಪುತ್ತದೆ. ಹೊಳೆಯಲ್ಲಿ ಮೇಲಿನ ಊರಿನ ಗುರುತು ಕೆಳಗಿನ ಊರಿಗೆ ಹರಿದು ಬರುತ್ತದೆ. ಬಿಸಿಲಿಗೆ ಡಿಎನ್‌ಎ ಬೇಗ ಹಾಳಾಗುತ್ತದೆ. ಅದಕ್ಕೇ ಬಲೆ ಹಾಕುವವರ ಅನುಭವವನ್ನೂ ಕೇಳಬೇಕು.

ಇನ್ನೊಂದು ಮಾತು. ಪಟ್ಟಿಯಲ್ಲಿ ಇಲ್ಲದ ಮೀನಿನ ಹೆಸರನ್ನು ಯಂತ್ರವೂ ಹೇಳಲಾರದು. ಪಟ್ಟಿ ಬೆಳೆಯಬೇಕಾದರೆ ಮೀನು ಗುರುತಿಸುವ ಜನ ಬೇಕು. ಆ ಗುರುತು ಯಾರಿಗಿದೆ? ಮೀನು ಹಿಡಿಯುವ, ಹಸನು ಮಾಡುವ, ಮಾರುವ ನಮಗಿದೆ. ಯಾವ ಮೀನು ಮಳೆಗಾಲದಲ್ಲಿ ಹತ್ತಿ ಬರುತ್ತದೆ, ಯಾವುದು ಹತ್ತು ವರ್ಷದಿಂದ ಕಂಡಿಲ್ಲ, ಅಜ್ಜಿಯಂದಿರಿಗೆ ಗೊತ್ತು.

2002ರಲ್ಲಿ ಜೀವವೈವಿಧ್ಯ ಕಾಯಿದೆ ಬಂತು. ಅದರಂತೆ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಮೀನು, ಹಕ್ಕಿಗಳನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಸಮಿತಿಯಲ್ಲಿ ಹೆಂಗಸರಿಗೂ ಜಾಗ ಇದೆ.

ಪಂಚಾಯಿತಿಗೆ ಹೋಗೋಣ. ಆ ಪುಸ್ತಕ ತೋರಿಸ್ರಿ ಅಂತ ಕೇಳೋಣ. ಈಗ ನಮಗೆ ಓದಲು ಬರುತ್ತದಲ್ಲ! ನಮ್ಮ ಕೆರೆಯ ಮೀನು ಅದರಲ್ಲಿ ಇದೆಯೋ ನೋಡೋಣ. ಇಲ್ಲದಿದ್ದರೆ ಅಜ್ಜಿಯನ್ನು ಕೇಳಿ, ನಮ್ಮ ಕೈಯಾರೆ ಬರೆದು ಕೊಡೋಣ. ನಾಳೆ ಯಾರಾದರೂ ನಮ್ಮ ಕೆರೆಯ ನೀರು ಓದಲು ಬಂದರೆ, ತಾಳೆ ನೋಡಲು ನಾವು ಬರೆದ ಹೆಸರು ಅಲ್ಲಿರಬೇಕು.